ಕುದುರೆ ಸವಾರಿ ಬಟ್ಟೆಯ ಸಣ್ಣ ವ್ಯಾಪಾರ: ಐದು ದಾರಿ, ಯಾರಿಗೆ ಯಾವುದು?

ಕಳೆದ ಆರು ತಿಂಗಳಲ್ಲಿ ನಾಲ್ಕು ಜನ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಒಬ್ಬರ ಮಗಳು ಸವಾರಿ ಕಲಿಯುತ್ತಿದ್ದಾಳೆ, ಅವರಿಗೆ ಮನೆಯಿಂದಲೇ ಏನಾದರೂ ಶುರು ಮಾಡಬೇಕು. ಇನ್ನೊಬ್ಬರು ಗಾರ್ಮೆಂಟ್ಸ್‌ನಲ್ಲಿ ಹದಿನೈದು ವರ್ಷ ಮರ್ಚಂಡೈಸರ್ (ಬೈಯರ್ ಆರ್ಡರ್ ನೋಡಿಕೊಳ್ಳುವವರು) ಆಗಿದ್ದವರು, ಕೆಲಸ ಬಿಟ್ಟು ಸ್ವಂತ ಬ್ರ್ಯಾಂಡ್ ಮಾಡುವ ಆಸೆ. ಮೂರನೆಯವರಿಗೆ ಕಾನ್ಪುರದಿಂದ ಮಾಲು ತಂದು ಮಾರುವ ಯೋಚನೆ. ನಾಲ್ಕನೆಯವರ ತಮ್ಮ ಜರ್ಮನಿಯಲ್ಲಿದ್ದಾನೆ, ಅಲ್ಲಿಗೆ ಕಳಿಸಿದರೆ ಹೇಗೆ ಎಂಬ ಲೆಕ್ಕ. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರಲ್ಲ, ಹಾಗೆ ರೈಡಿಂಗ್ ಸ್ಕೂಲಿನ ಬೇಲಿ ಪಕ್ಕ ಕಾಫಿ ಕುಡಿಯುತ್ತ ನಿಂತವರಿಗೆಲ್ಲ ಈಗ ಬ್ರ್ಯಾಂಡ್ ಕಟ್ಟುವ ಆಸೆ ಹುಟ್ಟುತ್ತಿದೆ.

ತಪ್ಪೇನಿಲ್ಲ. ನನಗೂ ಹಾಗೇ ಹುಟ್ಟಿದ್ದು. ಯಲಹಂಕ ಕಡೆ ಎಂಟು ಮಷಿನ್ ಇಟ್ಟುಕೊಂಡು ಸ್ಕೂಲ್ ಯೂನಿಫಾರ್ಮ್ ಹೊಲಿಸುತ್ತಿದ್ದೆ. ಐದು ವರ್ಷದ ಹಿಂದೆ ಒಬ್ಬ ತಾಯಿ ಒಂದು ಹಳೇ ಬ್ರೀಚಸ್, ಅಂದರೆ ಸವಾರಿ ಪ್ಯಾಂಟು, ತಂದು ಟೇಬಲ್ ಮೇಲಿಟ್ಟು, "ಮೇಡಂ, ಸೇಮ್ ಇದೇ ಥರ ಎರಡು ಹೊಲಿದುಕೊಡ್ತೀರಾ? ಇವಳ ಸೈಜ್ ಎಲ್ಲೂ ಸಿಗ್ತಿಲ್ಲ" ಅಂದರು. ಅವತ್ತು ಅವರು ಹೇಳಿದ್ದು ಬಟ್ಟೆಯ ವಿಷಯ ಅಲ್ಲ, ಸೈಜಿನ ವಿಷಯ. ಅದು ನನ್ನ ತಲೆಗೆ ಹತ್ತಲು ಎರಡು ವರ್ಷವೂ ಒಂದು ಬೀರು ತುಂಬ ಸತ್ತ ಸ್ಟಾಕೂ ಬೇಕಾಯಿತು.

ಯಾವ ದಾರಿ ಒಳ್ಳೆಯದು ಅಂತ ನೇರವಾಗಿ ಕೇಳಿದರೆ ಉತ್ತರ ಇಲ್ಲ. ಮೊದಲು ಅಳತೆಗೋಲು ಇಟ್ಟುಕೊಳ್ಳೋಣ, ಆಮೇಲೆ ಒಂದೊಂದೇ ದಾರಿ ನೋಡೋಣ.

ಯಾವುದರಿಂದ ಅಳೆಯಬೇಕು?

ಮೊದಲನೆಯದು ಸೈಜ್ ಲೆಕ್ಕ. ಟೀ ಶರ್ಟ್ ಆದರೆ ಎಸ್, ಎಂ, ಎಲ್, ಎಕ್ಸೆಲ್ ಇಟ್ಟರೆ ಮುಗಿಯಿತು. ಬ್ರೀಚಸ್ ಹಾಗಲ್ಲ. ಸೊಂಟದ ಮೇಲೆ ಕೂತು, ತೊಡೆಗೆ ಅಂಟಿ, ಮಂಡಿ ಮಡಚಿದಾಗ ಎಳೆಯದೆ, ಮೀನಖಂಡದ ಹತ್ತಿರ ಸುಕ್ಕಿಲ್ಲದೆ ಬೂಟಿನೊಳಗೆ ಹೋಗಬೇಕು. ದೊಡ್ಡವರಿಗೆ ಏಳು ಸೈಜ್, ಮಕ್ಕಳಿಗೆ ನಾಲ್ಕು ಅಂತ ಹಿಡಿಯಿರಿ. ಬಿಳಿ, ನೇವಿ, ಬೀಜ್ ಮೂರು ಬಣ್ಣ. ಹನ್ನೊಂದು ಮೂರಲಿ ಮೂವತ್ಮೂರು ಗೂಡು. ಒಂದೊಂದು ಗೂಡಿನಲ್ಲಿ ಬರೀ 6 ಪೀಸ್ ಇಟ್ಟರೂ 198 ಪೀಸ್. ಒಂದಕ್ಕೆ 1,000 ರೂಪಾಯಿ ಖರ್ಚು ಬಿದ್ದರೆ ಸುಮಾರು 2 ಲಕ್ಷ, ಬರೀ ಒಂದು ಮಾಡೆಲ್‌ಗೆ.

ಎರಡನೆಯದು ಕೈಗೆ ಸಿಗುವ ಗಿರಾಕಿ. ನಿಮ್ಮ ಹತ್ತಿರದ ರೈಡಿಂಗ್ ಸ್ಕೂಲಿನಲ್ಲಿ 80 ಮಕ್ಕಳಿದ್ದಾರೆ ಅಂದುಕೊಳ್ಳಿ. ಅರ್ಧ ಜನ ಬೇಸಿಗೆ ರಜೆಯಲ್ಲಿ ಬಂದು ಹೋಗುವವರು, ಅವರು ಲೆಗ್ಗಿಂಗ್ಸ್‌ನಲ್ಲೇ ಕಲಿಯುತ್ತಾರೆ. ಉಳಿದ 40 ಮಕ್ಕಳು ವರ್ಷಕ್ಕೆ ಎರಡು ಬ್ರೀಚಸ್ ಕೊಂಡರೆ 80 ಪೀಸ್. ಅದರಲ್ಲಿ ಕಾಲು ಭಾಗ ನಿಮ್ಮ ಹತ್ತಿರ ಬಂದರೆ 20. ಈ 20ನ್ನೂ ಮೇಲಿನ 198ನ್ನೂ ಪಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ನಾನು ಮುಂದೆ ಹೇಳುವುದೆಲ್ಲ ಈ ಎರಡು ಅಂಕಿಗಳ ನಡುವಿನ ಕಥೆ.

ಮೂರನೆಯದು ಡೆಕಾತ್ಲಾನ್ ಪರೀಕ್ಷೆ. ಅವರ ಫೂಗಾಂಜಾ ಅನ್ನುವ ಹೆಸರಲ್ಲಿ ಸವಾರಿ ಬಟ್ಟೆ, ಹೆಲ್ಮೆಟ್, ಬೂಟು ಎಲ್ಲ ಬರುತ್ತದೆ. ಹೊಸದಾಗಿ ಕಲಿಯಲು ಬಂದ ಮಗುವಿನ ಅಪ್ಪ ಅಮ್ಮ ಮೊದಲು ಹೋಗುವುದು ಅಲ್ಲಿಗೇ. ಬೆಲೆಯಲ್ಲಿ ಅವರನ್ನು ಸೋಲಿಸುವ ಆಟಕ್ಕೆ ಇಳಿಯಬೇಡಿ. ಅವರು ಕೊಡಲಾಗದ ಯಾವುದನ್ನು ನಾನು ಕೊಡುತ್ತೇನೆ ಅಂತ ಒಂದೇ ಮಾತಿನಲ್ಲಿ ಹೇಳಲು ಬಂದರೆ ಮುಂದುವರಿಯಿರಿ.

ನಾಲ್ಕನೆಯದು ಹಾಕಿದ ದುಡ್ಡು ಎಷ್ಟು ದಿನಕ್ಕೆ ತಿರುಗಿ ಬರುತ್ತದೆ ಅನ್ನುವುದು. ಐದನೆಯದು ನಿಮ್ಮ ಕೈಗೆ ಬರುವ ಕೆಲಸ ಯಾವುದು ಅನ್ನುವುದು: ಹೊಲಿಗೆಯಾ, ಮಾರಾಟವಾ, ಲೆಕ್ಕಪತ್ರವಾ? ಮೂರೂ ಬರುತ್ತದೆ ಅನ್ನುವವರನ್ನು ನಾನಿನ್ನೂ ನೋಡಿಲ್ಲ.

ದಾರಿಗಳಿಗೆ ಹೋಗುವ ಮೊದಲು, ಬ್ರೀಚಸ್ ಅಂದರೆ ಏನು

ಇದನ್ನು ಬಿಟ್ಟು ಮುಂದೆ ಹೋದರೆ ಹೋಲಿಕೆ ಸುಮ್ನೆ ಗಾಳಿಮಾತಾಗುತ್ತದೆ. ಜೋಧ್‌ಪುರ್ ಅನ್ನುವ ಪ್ಯಾಂಟಿನ ಹೆಸರು ರಾಜಸ್ಥಾನದ ಜೋಧ್‌ಪುರದಿಂದಲೇ ಬಂದದ್ದು. ಅಲ್ಲಿನ ಸರ್ ಪ್ರತಾಪ್ ಸಿಂಗ್ 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವಕ್ಕೆ ಇಂಗ್ಲೆಂಡಿಗೆ ಹೋದಾಗ ಇದನ್ನು ತೊಟ್ಟಿದ್ದರು, ಅಲ್ಲಿಂದ ಅದು ಆ ದೇಶದಲ್ಲೂ ಹಿಡಿಯಿತು. ತೊಡೆಯ ಹತ್ತಿರ ಬಲೂನಿನಂತೆ ಊದಿ, ಮಂಡಿಯ ಕೆಳಗೆ ಬಿಗಿಯಾಗಿರುವ ಆ ಆಕಾರ ಷೋಕಿಗಲ್ಲ. ಆಗಿನ ಬಟ್ಟೆ ಎಳೆದರೆ ಹಿಗ್ಗುತ್ತಿರಲಿಲ್ಲ, ಕುದುರೆ ಮೇಲೆ ಕೂತು ಕಾಲು ಮಡಚಲು ಜಾಗ ಬೇಕಿತ್ತು. ಹಿಗ್ಗುವ ಬಟ್ಟೆ ಬಂದ ಮೇಲೆ ಬಲೂನು ಮಾಯವಾಯಿತು. ಈಗ ಮಕ್ಕಳು ಗಿಡ್ಡ ಬೂಟಿನ ಜೊತೆ ಹಾಕುವ, ಪಾದದವರೆಗೂ ಇಳಿಯುವ ಪ್ಯಾಂಟಿಗೆ ಜೋಧ್‌ಪುರ್ ಅನ್ನುತ್ತಾರೆ. ಮಂಡಿಯವರೆಗಿನ ಉದ್ದ ಬೂಟಿನೊಳಗೆ ಹೋಗುವಂತೆ ಮೀನಖಂಡದ ಕೆಳಗೆ ಲೈಕ್ರಾ ಅಥವಾ ವೆಲ್ಕ್ರೋದಲ್ಲಿ ಮುಗಿಯುವುದು ಬ್ರೀಚಸ್.

ಜೀನಿಗೆ ತಾಗುವ ಕಡೆ, ಅಂದರೆ ಮಂಡಿಯ ಒಳಬದಿಯಲ್ಲಿ, ದಪ್ಪ ಹೊಲಿಗೆ ಬರಲೇಬಾರದು. ಮಾಮೂಲಿ ಪ್ಯಾಂಟಿನ ಪ್ಯಾಟರ್ನ್‌ನಲ್ಲಿ ಒಳಗಾಲಿನ ಜಾಯಿಂಟ್ ನೇರ ಅಲ್ಲಿಗೇ ಬರುತ್ತದೆ. ನಮ್ಮ ಕಟಿಂಗ್ ಮಾಸ್ಟರ್ ಮೊದಲ ಸಲ ಹಾಗೇ ಕತ್ತರಿಸಿದ್ದರು. ಅದನ್ನು ಹಾಕಿಕೊಂಡು ಅರ್ಧ ಗಂಟೆ ಟ್ರಾಟ್ (ಕುದುರೆಯ ಕುಲುಕು ಓಟ) ಮಾಡಿ ಬಂದ ಹುಡುಗಿಯ ಮಂಡಿಯ ಒಳಗೆ ಬೆರಳುದ್ದ ಚರ್ಮ ಕೆಂಪಗೆ ಸುಲಿದಿತ್ತು. "ಆಂಟಿ, ಪ್ಯಾಂಟ್ ಚೆನ್ನಾಗಿದೆ, ಆದ್ರೆ ಕಚ್ಚುತ್ತೆ" ಅಂದಳು. ಅವತ್ತಿನಿಂದ ಜಾಯಿಂಟನ್ನು ಪಕ್ಕಕ್ಕೆ ಸರಿಸಿ, ಉಬ್ಬದ ಚಪ್ಪಟೆ ಹೊಲಿಗೆಯಾದ ಫ್ಲಾಟ್‌ಲಾಕ್ ಹಾಕಿಸುತ್ತೇವೆ.

ಬಿಳಿ ಬ್ರೀಚಸ್ ಇನ್ನೊಂದು ತಲೆನೋವು. ಕಾಂಪಿಟಿಷನ್‌ಗೆ ಅದೇ ಬೇಕು, ಬೆವರು ಬಂದರೆ ಒಳಗಿನದೆಲ್ಲ ಕಾಣುತ್ತದೆ. ಒಳ ಜೇಬಿಗೆ ಬಿಳಿ ಬಟ್ಟೆ ಹಾಕಿದರೆ ಅದರ ಚೌಕ ಇನ್ನೂ ಎದ್ದು ಕಾಣುತ್ತದೆ. ಮೈಬಣ್ಣದ ಬಟ್ಟೆ ಹಾಕಿದರೆ ಕಾಣುವುದಿಲ್ಲ. ಇಂಥ ಸಣ್ಣ ವಿಷಯಗಳೇ ನಿಮ್ಮನ್ನು ದೊಡ್ಡ ಅಂಗಡಿಯಿಂದ ಬೇರೆ ಮಾಡುವುದು.

ದಾರಿ ಒಂದು: ಕ್ಲಬ್ಬಿಗೆ, ಸ್ಕೂಲಿಗೆ ಹೆಸರು ಹಾಕಿಕೊಡುವುದು

ತಿರುಪ್ಪೂರಿನಿಂದ ರೆಡಿ ಪೋಲೋ ಟೀ ಶರ್ಟ್ ತರಿಸಿ, ಎದೆಯ ಮೇಲೆ ರೈಡಿಂಗ್ ಸ್ಕೂಲಿನ ಲೋಗೋ ಎಂಬ್ರಾಯ್ಡರಿ ಮಾಡಿಸಿ ಕೊಡುವ ಕೆಲಸ. ಜಾಕೆಟ್, ಟೋಪಿ, ಕಿಟ್ ಬ್ಯಾಗ್ ಕೂಡ ಸೇರುತ್ತದೆ. ಕೇಳಲು ಸಪ್ಪೆ ಅನಿಸುತ್ತದೆ, ಅಲ್ವಾ? ಆದರೆ ಮೇಲಿನ ಅಳತೆಗೋಲಿನಲ್ಲಿ ಹಿಡಿದು ನೋಡಿ. ಆರ್ಡರ್ ಬಂದ ಮೇಲೆ ಮಾಲು ಕೊಳ್ಳುತ್ತೀರಿ, ಸೈಜ್ ಪಟ್ಟಿ ಅವರೇ ಕೊಡುತ್ತಾರೆ. 30 ಪೀಸ್ ಆರ್ಡರ್ ಸಿಕ್ಕರೂ ನಡೆಯುತ್ತದೆ. ಅರ್ಧ ಅಡ್ವಾನ್ಸ್ ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ.

ಇದರಲ್ಲಿ ನನಗೆ ಇಷ್ಟವಾದದ್ದು ಸ್ಯಾಡಲ್ ಪ್ಯಾಡ್, ಜೀನಿನ ಕೆಳಗೆ ಹಾಸುವ ಕ್ವಿಲ್ಟ್ ಬಟ್ಟೆ. ಹೊಲಿಯುವುದು ಸುಲಭ, ಲೋಗೋ ಹಾಕಲು ಮೂಲೆಯಲ್ಲಿ ಅಗಲ ಜಾಗ, ಕೆಸರು ಬೆವರಿಗೆ ಬೇಗ ಹಳತಾಗುವುದರಿಂದ ಮತ್ತೆ ಮತ್ತೆ ಬೇಕು. ಎಲ್ಲಕ್ಕಿಂತ ದೊಡ್ಡ ವಿಷಯ, ಕುದುರೆಗಳಿಗೆ ಮನುಷ್ಯರಷ್ಟು ಸೈಜ್ ಇಲ್ಲ. ಪೋನಿ, ಕಾಬ್, ಫುಲ್, ಅಷ್ಟೇ. ಆಕಾರ ಮಾತ್ರ ಡ್ರೆಸಾಜ್ (ಕುದುರೆಯನ್ನು ಲಯಬದ್ಧವಾಗಿ ನಡೆಸುವ ಸ್ಪರ್ಧೆ) ಜೀನಿಗೆ ಬೇರೆ, ಜಂಪಿಂಗ್ ಜೀನಿಗೆ ಬೇರೆ. ಕುದುರೆ ದಪ್ಪಗಾದೆ ಅಂತ ವಾಪಸ್ ಕಳಿಸುವುದಿಲ್ಲ ನೋಡಿ.

ತೊಂದರೆ ಏನೆಂದರೆ ಲಾಭ ತೆಳು. ಟೀ ಶರ್ಟ್ ಪ್ರಿಂಟ್ ಮಾಡುವ ಬೀದಿಗೊಬ್ಬ ಸಿಗುತ್ತಾನೆ, ಐವತ್ತು ರೂಪಾಯಿ ಕಮ್ಮಿ ಹೇಳಿ ಆರ್ಡರ್ ಎತ್ತಿಕೊಂಡು ಹೋಗುತ್ತಾನೆ. ಉಳಿದ ಅರ್ಧ ದುಡ್ಡು ಬರಲು ಕೆಲವು ಕಡೆ ಮೂರು ತಿಂಗಳು ಅಲೆದಿದ್ದೇನೆ. ಇನ್ನೊಂದು, ಇದರಿಂದ ನಿಮ್ಮ ಹೆಸರು ಎಲ್ಲೂ ಕಾಣುವುದಿಲ್ಲ. ಕಾಣುವುದು ಅವರ ಲೋಗೋ.

ದಾರಿ ಎರಡು: ಅಳತೆ ತೆಗೆದು ಹೊಲಿದುಕೊಡುವುದು

ನನ್ನ ಅನ್ನ ಇರುವುದು ಇಲ್ಲೇ, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಸ್ಟಾಕ್ ಸೊನ್ನೆ. ಬಟ್ಟೆ ಥಾನ್ ಲೆಕ್ಕದಲ್ಲಿ ತಂದಿಟ್ಟರೆ ಯಾವ ಸೈಜಿಗಾದರೂ ಆಗುತ್ತದೆ. ಡೆಕಾತ್ಲಾನ್ ಪರೀಕ್ಷೆಯಲ್ಲೂ ಪಾಸು, ಯಾಕೆಂದರೆ ಸಾಲಿನಲ್ಲಿ ನೇತುಹಾಕಿದ ಸೈಜ್ ಎಲ್ಲರಿಗೂ ಕೂರುವುದಿಲ್ಲ. ಸೊಂಟ ಸಣ್ಣ, ತೊಡೆ ದಪ್ಪ ಇರುವವರು, ಎತ್ತರದ ತೆಳ್ಳಗಿನ ಹುಡುಗರು, ನಲವತ್ತು ದಾಟಿ ಸವಾರಿ ಶುರು ಮಾಡಿದ ಹೆಂಗಸರು, ಇವರೆಲ್ಲ ನಿಮ್ಮ ಗಿರಾಕಿಗಳು. ಒಮ್ಮೆ ಸರಿಯಾಗಿ ಕೂತರೆ ಅಳತೆ ಪುಸ್ತಕದಲ್ಲಿ ಅವರ ಪುಟ ಇರುತ್ತದೆ, ಆಮೇಲೆ ಫೋನಿನಲ್ಲೇ ಆರ್ಡರ್.

ಅಳತೆ ತೆಗೆಯುವುದು ಮಾಮೂಲಿ ಟೈಲರ್ ತೆಗೆಯುವ ಹಾಗಲ್ಲ. ನಿಂತಾಗ ಒಂದು ಸಲ, ಕುರ್ಚಿಯಲ್ಲಿ ಕೂತು ಮಂಡಿ ಮಡಚಿದಾಗ ಇನ್ನೊಂದು ಸಲ. ಮಂಡಿಯ ಸುತ್ತಳತೆ ಮಡಚಿದಾಗ ಹೆಚ್ಚಾಗುತ್ತದೆ. ಹಿಂದಿನ ಏರು, ಅಂದರೆ ಕಾಲು ಸೇರುವಲ್ಲಿಂದ ಹಿಂದೆ ಸೊಂಟದವರೆಗಿನ ಉದ್ದ, ಕೂತಾಗಿನ ಅಳತೆಯಲ್ಲಿ ತೆಗೆಯದಿದ್ದರೆ ಜೀನಿನ ಮೇಲೆ ಮುಂದಕ್ಕೆ ಬಾಗಿದ ಕೂಡಲೇ ಪ್ಯಾಂಟು ಕೆಳಗೆ ಜಾರುತ್ತದೆ. ನಾವು ಈಗ ಒಂದು ಹಳೇ ಜೀನನ್ನು ಮರದ ಸ್ಟ್ಯಾಂಡಿಗೆ ಕಟ್ಟಿ ಟ್ರಯಲ್ ರೂಮಿನಲ್ಲಿ ಇಟ್ಟಿದ್ದೇವೆ. ಮಕ್ಕಳಿಗಂತೂ ಅದೇ ಆಟ.

ಆದರೆ ಇದು ಬೆಳೆಯದ ವ್ಯಾಪಾರ. ನಮ್ಮಲ್ಲಿ ಒಬ್ಬ ಒಳ್ಳೆ ಟೈಲರ್ ದಿನಕ್ಕೆ ಎರಡೂವರೆ, ಮೂರು ಬ್ರೀಚಸ್ ಮುಗಿಸಿದರೆ ಹೆಚ್ಚು. ಕಾಂಪಿಟಿಷನ್ನಿಗೆ ಹಾಕುವ ಷೋ ಕೋಟ್ ಆದರೆ ಎರಡು ದಿನ. ಆ ಟೈಲರ್ ಊರಿಗೆ ಹೋದರೆ ಅಂಗಡಿ ನಿಂತ ಹಾಗೆ. ಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯ: ಜೂನ್‌ನಲ್ಲಿ ಅಳತೆ ಕೊಟ್ಟ ಹುಡುಗ ಆಗಸ್ಟ್‌ನಲ್ಲಿ ಟ್ರಯಲ್‌ಗೆ ಬಂದಾಗ ಒಂದು ಇಂಚು ಉದ್ದ ಆಗಿರುತ್ತಾನೆ. ಹದಿನಾಲ್ಕರೊಳಗಿನ ಮಕ್ಕಳಿಗೆ ಅಳತೆ ತೆಗೆದ ಹತ್ತು ದಿನದೊಳಗೆ ಕೊಡಿ, ಇಲ್ಲವೇ ತಗೊಳ್ಳಲೇಬೇಡಿ. ಮಡಿಕೆ ಒಳಗೆ ಒಂದೂವರೆ ಇಂಚು ಬಿಟ್ಟು ಹೊಲಿದರೆ ತಾಯಂದಿರು ಆಶೀರ್ವಾದ ಮಾಡುತ್ತಾರೆ.

ದಾರಿ ಮೂರು: ಸ್ವಂತ ಹೆಸರಿನ ಬ್ರ್ಯಾಂಡ್, ಜಾಬ್ ವರ್ಕ್‌ನಲ್ಲಿ ಹೊಲಿಗೆ

ಎಲ್ಲರ ಆಸೆ ಇದರ ಮೇಲೆ. ಡಿಸೈನ್ ನಿಮ್ಮದು, ಬಟ್ಟೆ ನಿಮ್ಮದು. ಬೊಮ್ಮನಹಳ್ಳಿ, ಪೀಣ್ಯ ಕಡೆಯ ಯಾವುದಾದರೂ ಘಟಕದಲ್ಲಿ ಪೀಸ್ ರೇಟಿಗೆ ಹೊಲಿಸಿ ನಿಮ್ಮ ಲೇಬಲ್ ಹಾಕುವುದು. ಬೆಂಗಳೂರಿನಲ್ಲಿ ಇದಕ್ಕೆ ಬೇಕಾದ ಕೈ, ಮಷಿನ್ ಎರಡೂ ಇದೆ. ಸ್ಪೋರ್ಟ್ಸ್ ಬಟ್ಟೆ ಹೊಲಿದು ಅಭ್ಯಾಸ ಇರುವ ಘಟಕ ಹುಡುಕಿ. ಬಳ್ಳಾರಿಯ ಜೀನ್ಸ್ ಟೈಲರ್‌ಗಳ ಕೈ ಬಲು ಗಟ್ಟಿ, ಆದರೆ ನಾಲ್ಕೂ ಕಡೆ ಹಿಗ್ಗುವ ಬಟ್ಟೆ ಡೆನಿಮ್ ಥರ ಮಾತು ಕೇಳುವುದಿಲ್ಲ, ಬೇರೆ ಸೂಜಿ, ಬೇರೆ ದಾರ, ಬೇರೆ ಕೈ ಬೇಕು.

ಸಮಸ್ಯೆ ಕನಿಷ್ಠ ಆರ್ಡರ್. ಒಂದು ಬಣ್ಣಕ್ಕೆ ನೂರು ಪೀಸ್ ಇಲ್ಲದೆ ಲೈನ್ ಹಾಕುವುದಿಲ್ಲ ಅನ್ನುವ ಘಟಕಗಳೇ ಜಾಸ್ತಿ. 198 ಪೀಸ್‌ನ ಲೆಕ್ಕಕ್ಕೆ ವಾಪಸ್ ಬನ್ನಿ. ಒಂದನ್ನು 2,200ಕ್ಕೆ ಮಾರಿ ವರ್ಷದಲ್ಲಿ 120 ಖಾಲಿ ಮಾಡಿದಿರಿ ಅಂತಿಟ್ಟುಕೊಳ್ಳಿ, ಅದೂ ಒಳ್ಳೆ ಮಾರಾಟವೇ. ಕೈಗೆ 2,64,000. ಖರ್ಚು 1,98,000 ಕಳೆದರೆ 66,000 ಉಳಿಯಿತು ಅನಿಸುತ್ತದೆ. ಸ್ಯಾಂಪಲ್, ಗ್ರೇಡಿಂಗ್ (ಪ್ಯಾಟರ್ನನ್ನು ಬೇರೆ ಬೇರೆ ಸೈಜಿಗೆ ಮಾಡುವುದು), ಫೋಟೋ, ಕೊರಿಯರ್, ಸೈಜ್ ಬದಲಾವಣೆಗೆ ಹೋಗಿ ಬರುವ ಖರ್ಚು, ಎಲ್ಲ ಇದರಲ್ಲೇ ಹೋಗಬೇಕು. ಉಳಿದ 78 ಪೀಸ್‌ನಲ್ಲಿ ಏನಿದೆ ಅಂತ ಬೀರು ತೆಗೆದು ನೋಡಿದರೆ 24 ಮತ್ತು 36ರ ಸೈಜ್. ಮಧ್ಯದ 28, 30 ಮೊದಲ ತಿಂಗಳಲ್ಲೇ ಮುಗಿದಿರುತ್ತವೆ, ಕೇಳಿದವರಿಗೆ ಇಲ್ಲ ಅಂದಿರುತ್ತೀರಿ.

ಇದನ್ನು ತಪ್ಪಿಸಲು ಒಂದು ಉಪಾಯ, ಬ್ರೀಚಸ್ ಬಿಟ್ಟು ಮೇಲಂಗಿಯಿಂದ ಶುರು ಮಾಡುವುದು. ಕಂಕುಳಲ್ಲಿ ಬಲೆಯಂಥ ಬಟ್ಟೆ ಇರುವ, ಬಿಸಿಲು ತಡೆಯುವ ಉದ್ದ ತೋಳಿನ ಬೇಸ್ ಲೇಯರ್. ನಮ್ಮ ಬಿಸಿಲಿಗೆ ಬೇಕೇ ಬೇಕು. ಸೈಜ್ ಐದೇ, ಬಟ್ಟೆ ಹಿಗ್ಗುತ್ತದೆ, ಸವಾರಿ ಮಾಡದವರೂ ಸೈಕಲ್ ತುಳಿಯಲು ಕೊಳ್ಳುತ್ತಾರೆ. ಎರಡನೆಯ ಆಯ್ಕೆ, ಸೊಂಟಕ್ಕೆ ಎಲಾಸ್ಟಿಕ್ ಇರುವ ರೈಡಿಂಗ್ ಟೈಟ್ಸ್. ಹನ್ನೊಂದು ಸೈಜಿನ ಕೆಲಸ ಆರು ಸೈಜಿನಲ್ಲಿ ಆಗುತ್ತದೆ. ತೊಡೆಯ ಪಕ್ಕ ಫೋನಿಗೆ ಜೇಬು ಮರೆಯಬೇಡಿ.

ನಾನು ಕೈಸುಟ್ಟುಕೊಂಡದ್ದು ಇದೇ ಟೈಟ್ಸ್‌ನಲ್ಲಿ. ಕೂರುವ ಕಡೆ ಜಾರದಂತೆ ಸಿಲಿಕೋನ್ ಚುಕ್ಕಿ ಪ್ರಿಂಟ್ ಹಾಕಿಸುತ್ತಾರೆ. ಒಂದು ಪ್ರಿಂಟಿಂಗ್ ಘಟಕದಲ್ಲಿ 48 ಪೀಸ್ ಮಾಡಿಸಿದೆ. ಸ್ಯಾಂಪಲನ್ನು ಒಂದೇ ಸಲ ಒಗೆದು ನೋಡಿ ಓಕೆ ಅಂದಿದ್ದೆ. ಮಾರಿದ ಮೂರನೇ ವಾರ ಒಬ್ಬರು ಫೋಟೋ ಕಳಿಸಿದರು: ಬಕೆಟ್ಟಿನ ತಳದಲ್ಲಿ ನೆನೆಹಾಕಿದ ಸಾಬಕ್ಕಿ ಥರ ಬಿಳಿ ಚುಕ್ಕಿಗಳು. ಪ್ರಿಂಟ್ ಆದ ಮೇಲೆ ಸರಿಯಾಗಿ ಬಿಸಿಯಲ್ಲಿ ಹದ ಮಾಡಿರಲಿಲ್ಲ. ಘಟಕದವರು ನೀವು ಒಪ್ಪಿದ್ದೇ ತಾನೇ ಅಂದರು, ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟೂ ವಾಪಸ್ ತಗೊಂಡೆ. ಈಗ ಯಾವ ಸ್ಯಾಂಪಲ್ ಆದರೂ ಹತ್ತು ಸಲ ಒಗೆಯುವವರೆಗೆ ಅಡ್ವಾನ್ಸ್ ಕೊಡುವುದಿಲ್ಲ.

ತೆರಿಗೆಯ ಒಂದು ಗೋಡೆ ಇಲ್ಲಿ ಗೊತ್ತಿರಲಿ. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸ್‌ಗೆ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ 5% ಜಿ.ಎಸ್.ಟಿ., ಅದಕ್ಕಿಂತ ಮೇಲಾದರೆ 18%. ಮೂಲ ಬೆಲೆ 2,500 ಇಟ್ಟರೆ ಗಿರಾಕಿಯ ಬಿಲ್ 2,625. ಅದನ್ನೇ 2,600 ಮಾಡಿದರೆ ಬಿಲ್ 3,068. ನಿಮಗೆ ಹೆಚ್ಚಿಗೆ ಸಿಕ್ಕಿದ್ದು 100, ಅವರ ಜೇಬಿನಿಂದ ಹೆಚ್ಚಿಗೆ ಹೋಗಿದ್ದು 443. ಹಾಗಾಗಿ ಟೈಟ್ಸ್, ಬ್ರೀಚಸ್ ಆ ಗೋಡೆಯ ಕೆಳಗೇ ಇರಲಿ. ದಾಟುವುದಾದರೆ ಷೋ ಕೋಟಿನಂತೆ ಚೆನ್ನಾಗಿ ದೂರ ದಾಟಿ. ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಕಡ್ಡಾಯವಲ್ಲ ಅನ್ನುವುದು ನಿಜ. ಆದರೆ ಹೈದರಾಬಾದಿಗೋ ಪುಣೆಗೋ ಒಂದು ಪಾರ್ಸೆಲ್ ಕಳಿಸಿ ಮಾರಿದರೂ ನೋಂದಣಿ ಬೇಕು. ಬ್ರ್ಯಾಂಡ್ ಅಂದ ಮೇಲೆ ಹೊರರಾಜ್ಯಕ್ಕೆ ಮಾರದೆ ಇರಲಾಗುವುದಿಲ್ಲ.

ಹೆಸರಿಗೆ ಟ್ರೇಡ್‌ಮಾರ್ಕ್ ಹಾಕುವುದಾದರೆ ಬಟ್ಟೆಗೆ 25ನೇ ವರ್ಗ. ಸ್ಯಾಡಲ್ ಪ್ಯಾಡ್, ಲಗಾಮು ಇತ್ಯಾದಿ ಕುದುರೆ ಸಾಮಾನು 18ನೇ ವರ್ಗಕ್ಕೆ ಬರುತ್ತದೆ. ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗೂ 4,500 ರೂಪಾಯಿ. ಸಣ್ಣ ಉದ್ದಿಮೆಯ ರಿಯಾಯಿತಿಗೆ ಉದ್ಯಮ್ ನೋಂದಣಿ ಬೇಕು, ಅದು ಪೂರ್ತಿ ಉಚಿತ. ಅದಕ್ಕೂ ದುಡ್ಡು ಕೇಳುವ ವೆಬ್‌ಸೈಟ್‌ಗಳಿವೆ, ಮೋಸ ಹೋಗಬೇಡಿ.

ದಾರಿ ನಾಲ್ಕು: ಕಾನ್ಪುರದಿಂದಲೋ ಹೊರದೇಶದಿಂದಲೋ ತಂದು ಮಾರುವುದು

ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆ ಜೀನು, ಲಗಾಮು ಮಾಡುತ್ತಿದ್ದ ಊರು ಕಾನ್ಪುರ. ಆ ಕೈಗಾರಿಕೆ ಇವತ್ತೂ ಇದೆ, ಕಾನ್ಪುರದ ಜೀನಿಗೆ ಆ ಊರಿನದೇ ಸರಕು ಅನ್ನುವ ಜಿ.ಐ. ಗುರುತೂ ಸಿಕ್ಕಿದೆ. ಚರ್ಮದ ಹಾಫ್ ಚಾಪ್ಸ್ (ಗಿಡ್ಡ ಬೂಟಿನ ಮೇಲೆ ಮೀನಖಂಡಕ್ಕೆ ಸುತ್ತುವ ಕವಚ), ಬೆಲ್ಟ್, ಬೂಟು ಅಲ್ಲಿಂದ ಒಳ್ಳೆ ಬೆಲೆಗೆ ಬರುತ್ತವೆ. ಹತ್ತು ಹತ್ತು ಪೀಸ್ ಕೊಡುವವರೂ ಸಿಗುತ್ತಾರೆ. ಹೊಲಿಗೆ ಗೊತ್ತಿಲ್ಲದ, ಮಾತಿನಲ್ಲಿ ಚುರುಕಾದವರಿಗೆ ಇದು ಸರಿ.

ಎಚ್ಚರ ಎರಡು ಕಡೆ. ಎಕ್ಸ್‌ಪೋರ್ಟ್ ಸರ್ಪ್ಲಸ್ ಅಂತ ಅಗ್ಗಕ್ಕೆ ಬಂದದ್ದು ಯೂರೋಪಿನವರ ಕಾಲಿಗೆ ಮಾಡಿದ್ದಾಗಿರುತ್ತದೆ. ನಮ್ಮ ಹುಡುಗಿಯರ ತೆಳು ಮೀನಖಂಡಕ್ಕೆ ಹಾಫ್ ಚಾಪ್ಸ್ ಸುತ್ತಿಕೊಂಡು ತಿರುಗುತ್ತದೆ. ಮತ್ತೊಂದು, ನೀವು ತರುವ ಮಾಲನ್ನು ನಾಳೆ ಬೇರೆಯವರೂ ತರಬಹುದು. ನಿಮ್ಮ ಬಳಿ ಉಳಿಯುವುದು ಸಂಬಂಧ ಮಾತ್ರ. ಶನಿವಾರ ಬೆಳಿಗ್ಗೆ ಡಿಕ್ಕಿಯಲ್ಲಿ ಮಾಲು ಇಟ್ಟುಕೊಂಡು ಲಾಯದ ಹತ್ತಿರ ನಿಲ್ಲಲು ತಯಾರಿದ್ದವರು ಮಾತ್ರ ಇದಕ್ಕೆ ಇಳಿಯಿರಿ.

ಹೊರದೇಶದ ಬ್ರ್ಯಾಂಡ್ ತರಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಸ್ಟಮ್ಸ್ ಸುಂಕ, ಅದರ ಮೇಲೆ ಸರ್ಚಾರ್ಜ್, ಅದೆಲ್ಲದರ ಮೇಲೆ ಐ.ಜಿ.ಎಸ್.ಟಿ. ಕಟ್ಟಿ ನೀವು ಬೆಲೆ ಹೇಳುವಷ್ಟರಲ್ಲಿ ಗಿರಾಕಿ, "ನಮ್ ಭಾವ ಮುಂದಿನ ತಿಂಗಳು ಲಂಡನ್‌ನಿಂದ ಬರ್ತಿದ್ದಾರೆ" ಅನ್ನುತ್ತಾರೆ. ಆ ಬೆಲೆ ಕೊಡಬಲ್ಲ ಮನೆಗಳಲ್ಲೆಲ್ಲ ಒಬ್ಬ ಭಾವ ಇದ್ದೇ ಇರುತ್ತಾರೆ.

ಹೆಲ್ಮೆಟ್, ಬಾಡಿ ಪ್ರೊಟೆಕ್ಟರ್ ಬಗ್ಗೆ ಒಂದೇ ಮಾತು. ಅವು ಬಟ್ಟೆ ಅಲ್ಲ, ಜೀವ ಉಳಿಸುವ ಸಾಮಾನು. ಎ.ಎಸ್.ಟಿ.ಎಂ. ಎಫ್ 1163, ಪಿ.ಎ.ಎಸ್. 015, ವಿ.ಜಿ. 1 ಇಂಥ ಪರೀಕ್ಷೆ ಪಾಸಾದ ಗುರುತು ಇಲ್ಲದ ಹೆಲ್ಮೆಟ್ಟನ್ನು ಅಗ್ಗಕ್ಕೆ ಸಿಕ್ಕಿತು ಅಂತ ಮುಟ್ಟಲೂ ಬೇಡಿ. ಹೊಲಿದು ಮಾಡುವ ಮಾತಂತೂ ಇಲ್ಲವೇ ಇಲ್ಲ.

ದಾರಿ ಐದು: ಎಕ್ಸ್‌ಪೋರ್ಟ್

ಗಿರಾಕಿಗಳ ಸಂಖ್ಯೆಯ ಅಳತೆಯಲ್ಲಿ ಇದೇ ಮೊದಲ ಸ್ಥಾನ. ಜರ್ಮನಿ, ಬ್ರಿಟನ್ ಕಡೆ ಕುದುರೆ ಸವಾರಿ ಊರೂರಿನ ಹವ್ಯಾಸ. 198 ಪೀಸ್ ಅಲ್ಲಿ ದೊಡ್ಡ ಮಾತಲ್ಲ. ಕಾಗದ ಪತ್ರವೂ ಜನ ಹೆದರುವಷ್ಟು ಕಷ್ಟವಿಲ್ಲ: ಐ.ಇ.ಸಿ. ಅನ್ನುವ ಆಮದು ರಫ್ತು ಸಂಖ್ಯೆಗೆ 500 ರೂಪಾಯಿ, ಜಿ.ಎಸ್.ಟಿ. ನೋಂದಣಿ, ಎಲ್.ಯು.ಟಿ. ಅನ್ನುವ ಮುಚ್ಚಳಿಕೆ ಸಲ್ಲಿಸಿದರೆ ತೆರಿಗೆ ಕಟ್ಟದೆ ಕಳಿಸಬಹುದು.

ಕಷ್ಟ ಇರುವುದು ಆ ಕಡೆ. ಯೂರೋಪಿಯನ್ ಒಕ್ಕೂಟದಲ್ಲಿ ರೀಚ್ ಅನ್ನುವ ರಾಸಾಯನಿಕ ನಿಯಮಗಳಿವೆ. ಬಟ್ಟೆಯ ಬಣ್ಣದಲ್ಲಿ ಕೆಲವು ಅಜೋ ಡೈಗಳು ಇರಬಾರದು, ಚರ್ಮದಲ್ಲಿ ಕ್ರೋಮಿಯಂ 6 ಮಿತಿ ದಾಟಬಾರದು, ಮೈಗೆ ತಾಗುವ ಗುಂಡಿಯಿಂದ ಮಿತಿ ಮೀರಿ ನಿಕ್ಕಲ್ ಬಿಡಬಾರದು. ಚಿಕ್ಕಪೇಟೆಯಲ್ಲಿ ಕೈಗೆ ಸಿಕ್ಕ ಥಾನ್ ತಂದು ಹೊಲಿದು ಕಳಿಸುವ ಹಾಗಿಲ್ಲ. ಟೆಸ್ಟ್ ರಿಪೋರ್ಟ್ ಕೊಡುವ ಮಿಲ್ಲಿನಿಂದ ಬಟ್ಟೆ ತರಬೇಕು. 2024ರ ಡಿಸೆಂಬರ್ 13ರಿಂದ ಜಾರಿಗೆ ಬಂದ ಅವರ ಉತ್ಪನ್ನ ಸುರಕ್ಷತೆ ನಿಯಮದಂತೆ ಒಕ್ಕೂಟದೊಳಗೆ ಒಬ್ಬ ಜವಾಬ್ದಾರರ ಹೆಸರು, ವಿಳಾಸ ಇರಬೇಕು. ಜರ್ಮನಿಯ ತಮ್ಮ ಇಲ್ಲಿ ಉಪಯೋಗಕ್ಕೆ ಬರುತ್ತಾನೆ. ಆದರೆ ಏನಾದರೂ ಎಡವಟ್ಟಾದರೆ ಮೊದಲು ಬಾಗಿಲು ತಟ್ಟುವುದೂ ಅವನದ್ದೇ. ಹಬ್ಬದ ಊಟದ ಹೊತ್ತಿನಲ್ಲಿ ಸುಮ್ನೆ "ಹೂಂ" ಅಂದಿದ್ದರೆ ಸಾಲದು, ಅವನ ಹತ್ತಿರ ಕೂತು ಮಾತಾಡಿ. ಅಮೆರಿಕಕ್ಕೆ ಒಂದೊಂದೇ ಪಾರ್ಸೆಲ್ ಕಳಿಸುವ ಯೋಚನೆ ಇದ್ದರೆ, 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ನಿಂತುಹೋಯಿತು. ಹಳೇ ಲೆಕ್ಕ ಹಿಡಿದುಕೊಂಡು ಕೂರಬೇಡಿ.

ಪಕ್ಕದ ಎರಡು ಓಣಿಗಳು

ಕುದುರೆ ಮಾಲೀಕರ ಬಣ್ಣದ ಜಾಕಿ ಅಂಗಿಗಳು. ಒಬ್ಬೊಬ್ಬ ಮಾಲೀಕರಿಗೂ ನೋಂದಾಯಿಸಿದ ಬಣ್ಣ, ವಿನ್ಯಾಸ ಇರುತ್ತದೆ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ಇರುವುದರಿಂದ ಕೆಲಸ ಇದೆ, ಆದರೆ ಪರಿಚಯ ಇಲ್ಲದೆ ಒಳಗೆ ಹೋಗುವುದು ಕಷ್ಟ. ಇನ್ನೊಂದು ಸರ್ಕಾರಿ ಟೆಂಡರ್. ಮೈಸೂರಿನ ಅಶ್ವಾರೋಹಿ ಪೊಲೀಸರನ್ನು ದಸರಾದಲ್ಲಿ ನೋಡಿ ಆಸೆಪಟ್ಟವರಿದ್ದಾರೆ. ಬಿಲ್ ಪಾಸಾಗುವವರೆಗೆ ಕಾಯುವ ಬಂಡವಾಳ ಇಲ್ಲದವರು ಆ ಕಡೆ ತಲೆ ಹಾಕಬೇಡಿ.

ಹಾಗಾದರೆ ಯಾರಿಗೆ ಯಾವುದು?

ಕೈಯಲ್ಲಿ 50 ಸಾವಿರದಿಂದ 1 ಲಕ್ಷ ಇದ್ದರೆ ಮೊದಲ ದಾರಿ. ಮಗಳನ್ನು ಸವಾರಿಗೆ ಕರೆದುಕೊಂಡು ಹೋಗುವ ಆ ತಾಯಿಗೆ ಇದನ್ನೇ ಹೇಳಿದೆ. ಹೇಗೂ ವಾರಕ್ಕೆ ಮೂರು ದಿನ ಲಾಯದ ಹತ್ತಿರ ಇರುತ್ತಾರೆ, ಕೋಚ್ ಗೊತ್ತು, ಉಳಿದ ತಾಯಂದಿರೂ ಗೊತ್ತು. ಸ್ಯಾಡಲ್ ಪ್ಯಾಡ್, ಟೀ ಶರ್ಟ್ ಒಂದು ವರ್ಷ ಮಾಡಿದರೆ ಯಾವ ಮಗುವಿಗೆ ಯಾವ ಸೈಜ್ ಅನ್ನುವ ಪಟ್ಟಿ ತಾನಾಗೇ ಕೈಗೆ ಬರುತ್ತದೆ. ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಸಿಗುತ್ತದೆ.

3-4 ಲಕ್ಷ ಇದ್ದು, ಒಬ್ಬ ನಂಬಿಗಸ್ತ ಕಟಿಂಗ್ ಮಾಸ್ಟರ್ ಸಿಕ್ಕಿದರೆ ಎರಡನೆಯದು. ಮಾಸ್ಟರ್ ಸಿಗದಿದ್ದರೆ ಬೇಡ, ಎಷ್ಟೇ ದುಡ್ಡಿದ್ದರೂ ಬೇಡ. ಮುದ್ರಾದ ಕಿಶೋರ್ ವಿಭಾಗದ ಮಿತಿ 5 ಲಕ್ಷ, ಅಷ್ಟರಲ್ಲಿ ಮೂರು ಮಷಿನ್ ಹಾಕಿಕೊಂಡು ಶುರು ಮಾಡಬಹುದು.

ಮರ್ಚಂಡೈಸರ್ ಆಗಿದ್ದವರಿಗೆ ನಾನು ಹೇಳಿದ್ದು ಅವರಿಗೆ ರುಚಿಸಲಿಲ್ಲ. ಅವರ ಬಳಿ 10 ಲಕ್ಷ ಇತ್ತು, ಬ್ರೀಚಸ್, ಷೋ ಕೋಟು, ಷರ್ಟು ಎಲ್ಲ ಸೇರಿದ ಪೂರ್ತಿ ಕಲೆಕ್ಷನ್ ತಲೆಯಲ್ಲಿತ್ತು. ಮೊದಲ ವರ್ಷ ಬೇಸ್ ಲೇಯರ್ ಒಂದೇ ಮಾಡಿ, ಎರಡು ಬಣ್ಣ ಅಂದೆ. ಬ್ರೀಚಸ್ ಬೇಕೇ ಬೇಕು ಅಂದರೆ ಮೊದಲು ಆರ್ಡರ್, ಆಮೇಲೆ ಕಟಿಂಗ್: ಜೂನಿಯರ್ ನ್ಯಾಷನಲ್ಸ್ (ಮಕ್ಕಳ ರಾಷ್ಟ್ರೀಯ ಸವಾರಿ ಸ್ಪರ್ಧೆ) ತಯಾರಿಯ ಹೊತ್ತಿಗೆ ಸೈಜ್ ಸೆಟ್ ಹಿಡಿದು ನಾಲ್ಕು ಊರು ಸುತ್ತಿ, ಅಳತೆಗೆ ಹಾಕಿಸಿ ನೋಡಿ, ಅರ್ಧ ದುಡ್ಡು ತಗೊಂಡು ಬಂದು ಆಮೇಲೆ ಲೇ ಹಾಕಿಸಿ, ಅಂದರೆ ಕತ್ತರಿಸಲು ಬಟ್ಟೆ ಹಾಸಿಸಿ. ಅವರಿಗೆ ಇನ್ನೊಂದು ಅನುಕೂಲ ಇದೆ. ಬೈಯರ್ ಜೊತೆ ಮೇಲ್‌ನಲ್ಲಿ ಮಾತಾಡಿ ಪಳಗಿದವರು, ಟೆಸ್ಟ್ ರಿಪೋರ್ಟ್ ಓದಲು ಬರುತ್ತದೆ. ಹಾಗಾಗಿ ಎರಡನೇ ವರ್ಷ ಐದನೆಯ ದಾರಿ ಹಿಡಿಯಲು ಇವರೇ ತಕ್ಕವರು. ಜರ್ಮನಿಯ ತಮ್ಮ ಇರುವವರಿಗೆ ಬಟ್ಟೆಯ ಗಂಧಗಾಳಿ ಗೊತ್ತಿಲ್ಲ. ಇಬ್ಬರನ್ನೂ ಒಂದು ಸಂಜೆ ಕಾಫಿಗೆ ಕೂರಿಸಿದ್ದೇನೆ, ಏನಾಗುತ್ತದೋ ನೋಡಬೇಕು.

ಕಾನ್ಪುರದಿಂದ ಮಾಲು ತರುವ ಯೋಚನೆಯವರು ಬೂಟಿನ ಆಸೆ ಬಿಟ್ಟು ಹಾಫ್ ಚಾಪ್ಸ್, ಬೆಲ್ಟ್ ಎರಡರಲ್ಲಿ ಶುರು ಮಾಡಿದ್ದಾರೆ. ಮೀನಖಂಡದ ಅಳತೆ ಕಳಿಸಿ, ಅರ್ಧ ಇಂಚು ಕಮ್ಮಿ ಮಾಡಿಸಿಕೊಂಡೇ ತರಿಸಿದ್ದಾರೆ. ಅದು ನನಗೆ ಖುಷಿ ಕೊಟ್ಟ ಸುದ್ದಿ.

ಯಾವ ದಾರಿ ಹಿಡಿದರೂ ಮೊದಲ ಸ್ಯಾಂಪಲನ್ನು ಮಕ್ಕಳಿಗೆ ಕೊಡಬೇಡಿ. ವಾರಕ್ಕೆ ಎರಡು ಗಂಟೆ ಸವಾರಿ ಮಾಡುವವರ ಬಟ್ಟೆ ಆರು ತಿಂಗಳಾದರೂ ಹರಿಯುವುದಿಲ್ಲ. ರೈಡಿಂಗ್ ಸ್ಕೂಲಿನಲ್ಲಿ ಬೆಳಿಗ್ಗೆ ಐದೂವರೆಗೇ ಕುದುರೆ ಏರುವ ಇನ್‌ಸ್ಟ್ರಕ್ಟರ್‌ಗೆ ಪುಕ್ಕಟೆ ಕೊಡಿ, ಒಂದು ತಿಂಗಳು ಹಾಕಿ ಒಗೆದು ವಾಪಸ್ ಕೊಡಲು ಹೇಳಿ. ನಮ್ಮಲ್ಲಿ ಹಾಗೆ ವಾಪಸ್ ಬಂದ ಬ್ರೀಚಸ್ ಒಂದು ಗೋಡೆಗೆ ನೇತುಹಾಕಿದೆ. ಎಡಗಾಲಿನ ಒಳಗೆ, ಮಂಡಿಗಿಂತ ಎರಡು ಬೆರಳು ಕೆಳಗೆ, ಬಟ್ಟೆ ಬಿಳಿಚಿಕೊಂಡಿದೆ. ಮಂಡಿಯ ಒಳಬದಿಗೆ ಹಾಕುವ ಪ್ಯಾಚನ್ನು ಈಗ ಅಲ್ಲಿಯವರೆಗೂ ಇಳಿಸಿ ಹೊಲಿಯುತ್ತೇವೆ.